ಶಾಖದ ಹಾದಿ

ದುಡಿಯುವ ವಸ್ತುವೆಲ್ಲ ಬಿಸಿಯಾಗುತ್ತದೆ. ಬೀಸುವ ಕಲ್ಲಿನಿಂದ ಉದುರುವ ಹಿಟ್ಟು ಬೆಚ್ಚಗಿರುತ್ತದೆ. ದೂರ ಸಾಗಿ ಬಂದ ಗಾಡಿಯ ಅಚ್ಚು ಕೈಗೆ ಬಿಸಿ ತಗಲುತ್ತದೆ. ತೋಟಕ್ಕೆ ನೀರೆತ್ತುವ ಪಂಪಿನ ಮೋಟಾರು ಸ್ವಲ್ಪ ಹೊತ್ತಿನಲ್ಲಿಯೇ ಕಾಯುತ್ತದೆ. ಇವುಗಳಲ್ಲಿ ತಿರುಗುವ, ತಿಕ್ಕುವ ಭಾಗಗಳಿರುವುದರಿಂದ ಬಿಸಿಯ ಕಾರಣವು ಕಣ್ಣಿಗೇ ಕಾಣುತ್ತದೆ. ಆದರೆ ಗಣಕಯಂತ್ರದ ಮಿದುಳೆನಿಸಿದ ಸಂಸ್ಕಾರಕದಲ್ಲಿ, ಎಂದರೆ ಪ್ರೊಸೆಸರಿನಲ್ಲಿ, ಅಲುಗಾಡುವ ಭಾಗ ಒಂದೂ ಇಲ್ಲ. ಆದರೂ ಅದು ಕಾಯುತ್ತದೆ. ಆ ಶಾಖಕ್ಕೆ ಹೊರಗೆ ಹೋಗಲು ಹಾದಿ ದೊರೆಯದಿದ್ದರೆ ಎಂಥ ಬೆಲೆಬಾಳುವ ಯಂತ್ರವಾದರೂ ಕೆಲಸದ ನಡುವೆಯೇ ನಿಂತುಬಿಡುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಕುಮಟೆಗೂ ಅಂಕೋಲೆಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಹಿರೇಗುತ್ತಿ ಎಂಬ ಊರಿದೆ. ಅದರ ದಕ್ಷಿಣಕ್ಕೆ ಅಘನಾಶಿನಿ, ಉತ್ತರಕ್ಕೆ ಗಂಗಾವಳಿ. ಪಶ್ಚಿಮಕ್ಕೆ ಗೋಕರ್ಣವೂ ಕಡಲೂ ದೂರವಿಲ್ಲ. ಸಾಣಿಕಟ್ಟೆಯ ಉಪ್ಪಿನಾಗರಗಳು ಈ ಸೀಮೆಯವೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಸೆಕೆ ಬಲವಾಗಿರುತ್ತದೆ. ಸುಮ್ಮನೆ ಕುಳಿತವನ ಅಂಗಿಯೂ ಬೆವರಿನಿಂದ ಒದ್ದೆಯಾಗುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಗೋಡೆ, ಬಟ್ಟೆ, ಪುಸ್ತಕಗಳೆಲ್ಲ ತಂಪು ಹಿಡಿಯುತ್ತವೆ.

ಇಂಥ ಊರಿನ ವಿದ್ಯಾರ್ಥಿಯೊಬ್ಬನು ತನ್ನ ಮೊದಲ ಗಣಕಯಂತ್ರವನ್ನು ತಾನೇ ಜೋಡಿಸಿದನೆಂದು ಭಾವಿಸೋಣ. ಅದಕ್ಕೆ ಬೇಕಾದ ಹಣದಲ್ಲಿ ಒಂದು ಪಾಲನ್ನು ತಂದೆಯವರು ಗೇರುಬೀಜ ಮಾರಿ ಕೊಟ್ಟರು. ಇನ್ನೊಂದು ಪಾಲನ್ನು ಅವನು ರಜೆಯಲ್ಲಿ ಅಂಗಡಿಯೊಂದರಲ್ಲಿ ದುಡಿದು ಕೂಡಿಸಿದನು. ಬಿಡಿಭಾಗಗಳನ್ನು ಹುಬ್ಬಳ್ಳಿಯಿಂದ ತಂದನು. ಎರಡು ದಿನ ಕುಳಿತು ಅವುಗಳನ್ನು ಒಂದಕ್ಕೊಂದು ಹೊಂದಿಸಿ, ಸ್ವಿಚ್ಚನ್ನು ಒತ್ತಿದಾಗ ಪರದೆಯ ಮೇಲೆ ಬೆಳಕು ಮೂಡಿತು. ಮನೆಯವರೆಲ್ಲರೂ ಬಂದು ನೋಡಿದರು. ಊರಿನಲ್ಲಿ ನಡೆದ ಯಕ್ಷಗಾನ ಬಯಲಾಟವೊಂದರ ಚಿತ್ರಮುದ್ರಿಕೆಯನ್ನು ಸಂಕಲಿಸಿಕೊಡುವ ಕೆಲಸವೂ ಅವನಿಗೆ ದೊರೆಯಿತು. ಅದು ಅವನ ಮೊದಲ ಸಂಪಾದನೆಯಾಗಬೇಕಿತ್ತು.

ಆದರೆ ಆ ಕೆಲಸವನ್ನು ಆರಂಭಿಸಿ ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಯಂತ್ರವು ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ಪತ್ರ ಬರೆಯುವಾಗ, ಹಾಡು ಕೇಳುವಾಗ ಏನೂ ಆಗುತ್ತಿರಲಿಲ್ಲ. ಭಾರವಾದ ಕೆಲಸಕ್ಕೆ ಕೈಯಿಟ್ಟಾಗ ಮಾತ್ರ ಹೀಗಾಗುತ್ತಿತ್ತು.

“ತಮಾ, ಮನೆಯಲ್ಲಿ ಜೋಡಿಸಿದ್ದು ಇಷ್ಟೇ. ಕಂಪನಿಯದನ್ನೇ ತರಬೇಕಿತ್ತು” ಎಂದರು ನೆರೆಮನೆಯವರು. ಸಂಸ್ಕಾರಕವೇ ಕೆಟ್ಟದ್ದಿರಬೇಕು, ಹೊಸದನ್ನು ಕೊಳ್ಳಬೇಕು ಎಂದು ಒಬ್ಬ ಗೆಳೆಯನು ಹೇಳಿದನು. ದೊಡ್ಡ ಫ್ಯಾನನ್ನು ತಂದು ಹಾಕು ಎಂದು ಇನ್ನೊಬ್ಬನು ಹೇಳಿದನು. ತಂದೆಯವರು ಏನನ್ನೂ ಹೇಳಲಿಲ್ಲ. ಹುಡುಗನಿಗೆ ಅದೇ ಹೆಚ್ಚು ನೋವಾಯಿತು. ಗೆಳೆಯರು ಸೂಚಿಸಿದ ಎರಡು ಪರಿಹಾರಗಳಿಗೂ ಮತ್ತೆ ಹಣ ಬೇಕು. ಹಣ ಕೊಟ್ಟ ಮೇಲೂ ದೋಷ ಹೋಗುತ್ತದೆಂಬ ಭರವಸೆಯಿಲ್ಲ. ಏಕೆಂದರೆ ದೋಷ ಎಲ್ಲಿದೆಯೆಂಬುದನ್ನು ಯಾರೂ ಇನ್ನೂ ಹುಡುಕಿಯೇ ಇರಲಿಲ್ಲ. ಹುಡುಕಬೇಕಾದರೆ ಮೊದಲು ಎರಡು ಸಂಗತಿಗಳನ್ನು ತಿಳಿಯಬೇಕು: ಈ ಶಾಖವು ಎಲ್ಲಿ ಹುಟ್ಟುತ್ತದೆ? ಅದು ಯಾವ ಹಾದಿಯಲ್ಲಿ ಹೊರಗೆ ಹೋಗುತ್ತದೆ?

ಸಂಸ್ಕಾರಕವು ಸಿಲಿಕಾನಿನ ಒಂದು ತೆಳುವಾದ ಬಿಲ್ಲೆ. ಅದರ ಮೇಲೆ ಟ್ರಾನ್ಸಿಸ್ಟರ್ ಎಂಬ ಅತಿಸೂಕ್ಷ್ಮವಾದ ಸ್ವಿಚ್ಚುಗಳು ನೂರಾರು ಕೋಟಿ ಇರುತ್ತವೆ. ಅಘನಾಶಿನಿಯ ದಡದ ಗಜನಿ ಗದ್ದೆಗಳ ಕಟ್ಟಿನಲ್ಲಿ ಬಾಗಿಲುಗಳಿರುತ್ತವಷ್ಟೆ. ಕಡಲು ಏರಿದಾಗ ಮುಚ್ಚಿ, ಇಳಿದಾಗ ತೆರೆದು ಅವು ನೀರನ್ನು ನಿಯಂತ್ರಿಸುತ್ತವೆ. ಟ್ರಾನ್ಸಿಸ್ಟರು ವಿದ್ಯುತ್ತಿಗೆ ಅಂಥದೇ ಒಂದು ಬಾಗಿಲು. ಗಜನಿಯ ಬಾಗಿಲು ದಿನಕ್ಕೆ ಕೆಲವು ಸಲ ತೆರೆದು ಮುಚ್ಚಿದರೆ, ಸಂಸ್ಕಾರಕದ ಗಡಿಯಾರವು ಸೆಕೆಂಡಿಗೆ 300 ರಿಂದ 400 ಕೋಟಿ ಬಾರಿ ಮಿಡಿಯುತ್ತದೆ. ಬಾಗಿಲೊಂದು ತೆರೆದು ಮುಚ್ಚಿದಾಗಲೆಲ್ಲ ಒಂದಿಷ್ಟು ವಿದ್ಯುದಾವೇಶವು ತುಂಬಿ ಬರಿದಾಗುತ್ತದೆ. ಒಂದು ಕಣದಷ್ಟು ಶಾಖವು ಹುಟ್ಟುತ್ತದೆ. ಕಣ ಅತ್ಯಲ್ಪವೇ ಆದರೂ ಕೋಟಿಗಳಿಂದ ಗುಣಿಸಿದಾಗ ಅದು ಬೆಂಕಿಯಾಗುತ್ತದೆ. ಸಂಸ್ಕಾರಕವು ನುಂಗಿದ ವಿದ್ಯುಚ್ಛಕ್ತಿಯೆಲ್ಲವೂ ಹೆಚ್ಚುಕಡಮೆ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ.

ಈ ಶಾಖದ ಪ್ರಮಾಣವನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಗಡಿಯಾರದ ವೇಗ ಮತ್ತು ವೋಲ್ಟೇಜು. ವೇಗ ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟಾಗುತ್ತದೆ. ವೋಲ್ಟೇಜು ಹೆಚ್ಚಿದರೆ ಶಾಖವು ಅದರ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದುದರಿಂದ ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ಶಾಖವು ನೂರಕ್ಕೆ ಇಪ್ಪತ್ತೊಂದರಷ್ಟು ಏರುತ್ತದೆ. ಹಗುರವಾದ ಕೆಲಸದಲ್ಲಿ ಬಹುಪಾಲು ಬಾಗಿಲುಗಳು ಸುಮ್ಮನಿರುವುದರಿಂದ ಶಾಖ ಕಡಮೆ. ಚಿತ್ರಸಂಕಲನದಂಥ ಕೆಲಸದಲ್ಲಿ ಅವೆಲ್ಲವೂ ದುಡಿಯುವುದರಿಂದ ಶಾಖ ಹೆಚ್ಚು. ಹುಡುಗನ ಯಂತ್ರವು ಪತ್ರ ಬರೆಯುವಾಗ ನಿಲ್ಲದೆ, ಯಕ್ಷಗಾನದ ಚಿತ್ರವನ್ನು ಸಂಕಲಿಸುವಾಗ ನಿಂತುದಕ್ಕೆ ಇದೇ ಕಾರಣ.

ಮನೆಬಳಕೆಯ ಸಾಮಾನ್ಯ ಗಣಕದ ಸಂಸ್ಕಾರಕವೊಂದು ಪೂರ್ತಿ ದುಡಿಯುವಾಗ 65 ವ್ಯಾಟ್ ಶಾಖವನ್ನು ಬಿಡುತ್ತದೆಂದು ಇಟ್ಟುಕೊಳ್ಳೋಣ. 65 ವ್ಯಾಟ್ ಎಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು, ಹೆಚ್ಚೇನೂ ಅಲ್ಲ. ಆದರೆ ಅದು ಹುಟ್ಟುವ ಜಾಗ ಎಷ್ಟು ಚಿಕ್ಕದೆಂಬುದನ್ನು ನೋಡಬೇಕು. ಬಟ್ಟೆಗೆ ಇಸ್ತ್ರಿ ಹಾಕುವ 1,000 ವ್ಯಾಟಿನ ಪೆಟ್ಟಿಗೆಯ ತಳವು ಸುಮಾರು 150 ಚದರ ಸೆಂಟಿಮೀಟರ್ ಇದ್ದರೆ, ಒಂದು ಚದರ ಸೆಂಟಿಮೀಟರಿಗೆ ಏಳು ವ್ಯಾಟಿಗಿಂತ ಕಡಮೆ ಶಾಖ ಬೀಳುತ್ತದೆ. ಸಂಸ್ಕಾರಕದ ಬಿಲ್ಲೆಯು ಒಂದೂವರೆ ಚದರ ಸೆಂಟಿಮೀಟರ್ ಇದ್ದರೆ, ಅಲ್ಲಿ ಅದೇ ಅಳತೆಯ ಜಾಗಕ್ಕೆ 43 ವ್ಯಾಟ್ ಬೀಳುತ್ತದೆ. ಇಸ್ತ್ರಿಪೆಟ್ಟಿಗೆಯ ತಳಕ್ಕಿಂತ ಆರು ಪಟ್ಟು ಹೆಚ್ಚು!

ಗಣಕಯಂತ್ರವನ್ನು ಕಟ್ಟಿದವರೆಲ್ಲರೂ ಈ ಶಾಖದೊಡನೆ ಸೆಣಸಿದವರೇ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ನಿರ್ಮಾಣವಾಗಿ, 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಬಳಸುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್; ಎಂದರೆ ಒಂದೇ ಕೋಣೆಯಲ್ಲಿ 150 ಇಸ್ತ್ರಿಪೆಟ್ಟಿಗೆಗಳನ್ನು ಉರಿಸಿದಂತೆ. ನಮ್ಮ ದೇಶದಲ್ಲಿ ಗಣಕವನ್ನು ಸ್ವತಃ ಕಟ್ಟುವ ಸಾಹಸವು 1950ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು. ಆ ಕೆಲಸ ಆರಂಭವಾದಾಗ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ರಾಜ್ಯಕ್ಕೇ ಸೇರಿತ್ತು. ಆರ್. ನರಸಿಂಹನ್ ಅವರ ನೇತೃತ್ವದ ಆ ತಂಡದಲ್ಲಿ, ಅವರ ಹೊರತಾಗಿ ಮತ್ತಾರೂ ಅದಕ್ಕೆ ಮುಂಚೆ ಗಣಕವನ್ನು ಬಳಸಿದವರಾಗಿರಲಿಲ್ಲ. ಆದರೂ ಅವರು ಸುಮಾರು 2,700 ನಿರ್ವಾತ ಕೊಳವೆಗಳ ಯಂತ್ರವೊಂದನ್ನು ರಚಿಸಿ 1960ರಲ್ಲಿ ಕಾರ್ಯಕ್ಕೆ ತಂದರು. ಅದಕ್ಕೆ 1962ರಲ್ಲಿ ಟಿಫ್ರಾಕ್ ಎಂದು ಹೆಸರಿಡಲಾಯಿತು. ಬೆಳಗುವ ಕೊಳವೆಗಳ ಬಿಸಿಯನ್ನು ತಗ್ಗಿಸಲು ಆ ಯಂತ್ರಕ್ಕೆ ಹವಾನಿಯಂತ್ರಣದ ಆಸರೆ ಬೇಕಾಗಿತ್ತು. ಮೊದಲ ಸಲ ಗಣಕವನ್ನು ಕಟ್ಟಿದವರಿಗೆ ಶಾಖವು ಎದುರಾಗುವುದು ಅವರ ಅಯೋಗ್ಯತೆಯ ಗುರುತಲ್ಲ. ಅದು ಆ ಕೆಲಸದ ಸಹಜವಾದ ಒಂದು ಅಂಗ.

ಕೊಳವೆಗಳು ಹೋಗಿ ಸಿಲಿಕಾನ್ ಬಂದಾಗ ಶಾಖದ ಕಾಟ ಮುಗಿಯಿತೆಂದು ಕೆಲವು ಕಾಲ ತೋರಿತು. 1971ರಲ್ಲಿ ಬಂದ ಇಂಟೆಲ್ 4004 ಎಂಬ ಸಂಸ್ಕಾರಕದಲ್ಲಿ ಇದ್ದುದು 2,300 ಟ್ರಾನ್ಸಿಸ್ಟರುಗಳು ಮಾತ್ರ; ಅದನ್ನು ತಂಪುಗೊಳಿಸಲು ಏನೂ ಬೇಕಿರಲಿಲ್ಲ. ಆದರೆ ಟ್ರಾನ್ಸಿಸ್ಟರುಗಳ ಸಂಖ್ಯೆಯೂ ಗಡಿಯಾರದ ವೇಗವೂ ಏರುತ್ತ ಹೋದವು. 1993ರ ಪೆಂಟಿಯಮ್ ಸುಮಾರು 16 ವ್ಯಾಟಿನವರೆಗೆ ಮುಟ್ಟಿತು. 2004ರ ಹೊತ್ತಿಗೆ ಕೆಲವು ಸಂಸ್ಕಾರಕಗಳು 100 ವ್ಯಾಟನ್ನು ಮೀರಿದವು. ಶಾಖವು ಮತ್ತೆ ಬಾಗಿಲಿಗೆ ಬಂದು ನಿಂತಿತು.

ಹಾಗಾದರೆ ಇದನ್ನು ನಿವಾರಿಸುವುದು ಹೇಗೆ? ಶಾಖವನ್ನು ನಾಶಮಾಡುವುದು ಯಾರಿಂದಲೂ ಆಗದು. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು, ಅಷ್ಟೆ. ಸಂಸ್ಕಾರಕದಲ್ಲಿ ಹುಟ್ಟಿದ ಶಾಖವು ಮೊದಲು ಅದರ ಮೇಲಿನ ಲೋಹದ ಮುಚ್ಚಳಕ್ಕೆ ಬರುತ್ತದೆ. ಮುಚ್ಚಳದ ಮೇಲೆ ತೆಳುವಾಗಿ ಹಚ್ಚಿದ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ದಾಟುತ್ತದೆ. ಅಲ್ಲಿಂದ ತಾಮ್ರ ಅಥವಾ ಅಲ್ಯುಮಿನಿಯಮಿನಿಂದ ಮಾಡಿದ, ಹೀಟ್‌ಸಿಂಕ್ ಎಂದು ಕರೆಯುವ ಲೋಹದ ಗಟ್ಟಿಗೆ ಇಳಿಯುತ್ತದೆ. ಆ ಗಟ್ಟಿಯ ತೆಳ್ಳನೆಯ ಹಾಳೆಗಳಲ್ಲಿ ಹರಡುತ್ತದೆ. ಫ್ಯಾನು ಬೀಸುವ ಗಾಳಿಯು ಅದನ್ನು ಎತ್ತಿಕೊಂಡು ಪೆಟ್ಟಿಗೆಯ ಹೊರಗೆ ಒಯ್ಯುತ್ತದೆ. ಕೊನೆಗೆ ಅದು ಕೋಣೆಯ ಗಾಳಿಯಲ್ಲಿ ಸೇರಿಹೋಗುತ್ತದೆ.

ಮನೆ ಕಟ್ಟುವಲ್ಲಿ ಆಳುಗಳು ಸಾಲಾಗಿ ನಿಂತು ಚಿರೆಕಲ್ಲುಗಳನ್ನು ಕೈಯಿಂದ ಕೈಗೆ ಸಾಗಿಸುವುದನ್ನು ನೋಡಿದವರಿಗೆ ಈ ಹಾದಿಯು ಸುಲಭವಾಗಿ ಅರ್ಥವಾದೀತು. ಸಾಲಿನಲ್ಲಿ ಒಬ್ಬನು ಕೈಕಟ್ಟಿ ನಿಂತರೆ ಏನಾಗುತ್ತದೆ? ಅವನಿಗಿಂತ ಹಿಂದೆ ಕಲ್ಲುಗಳು ರಾಶಿಬೀಳುತ್ತವೆ. ಅವನಿಗಿಂತ ಮುಂದಿನವರು ಬರಿಗೈಯಲ್ಲಿ ನಿಲ್ಲುತ್ತಾರೆ. ಕೊನೆಯ ಆಳು ಎಷ್ಟೇ ಬಲಶಾಲಿಯಾಗಿದ್ದರೂ ಪ್ರಯೋಜನವಿಲ್ಲ. ರಾಶಿ ಎಲ್ಲಿ ಬಿದ್ದಿದೆ, ಬರಿಗೈ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನೋಡಿದರೆ ಕೆಲಸಗಳ್ಳನು ಸಿಕ್ಕಿಬೀಳುತ್ತಾನೆ. ಶಾಖದ ಹಾದಿಯಲ್ಲಿಯೂ ಹೀಗೆಯೇ. ತಡೆಗಿಂತ ಹಿಂದೆ ಇರುವುದು ಕಾಯುತ್ತದೆ. ತಡೆಗಿಂತ ಮುಂದೆ ಇರುವುದು ತಣ್ಣಗಿರುತ್ತದೆ.

ಈ ತಡೆಯನ್ನು ಲೆಕ್ಕದಲ್ಲಿಯೂ ಹಿಡಿಯಬಹುದು. ಒಂದು ವ್ಯಾಟ್ ಶಾಖವು ಹಾದುಹೋಗುವಾಗ ಸಂಸ್ಕಾರಕವು ಕೋಣೆಯ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಕಾಯುತ್ತದೆ ಎಂಬುದೇ ಹಾದಿಯ ಒಟ್ಟು ತಡೆ. ಹಾದಿ ಸರಿಯಾಗಿದ್ದು, ಒಂದು ವ್ಯಾಟಿಗೆ 0.6 ಡಿಗ್ರಿ ತಡೆಯಿದ್ದರೆ, 65 ವ್ಯಾಟಿಗೆ 39 ಡಿಗ್ರಿ ಏರುತ್ತದೆ. ಕೋಣೆಯ ಉಷ್ಣತೆ 33 ಡಿಗ್ರಿ ಸೆಲ್ಸಿಯಸ್ ಆಗಿದ್ದರೆ ಸಂಸ್ಕಾರಕವು 72 ಡಿಗ್ರಿಯಲ್ಲಿ ನಿಲ್ಲುತ್ತದೆ, ಅದು ಕ್ಷೇಮ. ಹಾದಿ ಕೆಟ್ಟು ತಡೆಯು ಒಂದು ಡಿಗ್ರಿಗೆ ಏರಿದರೆ ಏರಿಕೆ 65 ಡಿಗ್ರಿಯಾಗಿ, ಉಷ್ಣತೆಯು 98ಕ್ಕೆ ಮುಟ್ಟುತ್ತದೆ. ಬಹುಪಾಲು ಸಂಸ್ಕಾರಕಗಳು ಸಹಿಸುವ ಮಿತಿಯು 90 ರಿಂದ 100 ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ.

ಹುಡುಗನು ಒಂದು ಟಿಪ್ಪಣಿ ಪುಸ್ತಕವನ್ನು ತೆಗೆದುಕೊಂಡನು. ಈಗಿನ ಸಂಸ್ಕಾರಕಗಳ ಒಳಗೆಯೇ ಉಷ್ಣತೆಯನ್ನು ಅಳೆಯುವ ಸಾಧನವಿದ್ದು, ಅದರ ಅಂಕಿಗಳನ್ನು ಪರದೆಯ ಮೇಲೆ ಓದಬಹುದು. ಕೋಣೆ 33 ಡಿಗ್ರಿ, ಯಂತ್ರ ಸುಮ್ಮನಿರುವಾಗ 53, ಸಂಕಲನ ಆರಂಭಿಸಿದೊಡನೆ ಅಂಕಿಯು ಏರಿ ಏರಿ 98, ಆಮೇಲೆ ಕತ್ತಲೆ. ಇಷ್ಟನ್ನು ಅವನು ಬರೆದುಕೊಂಡನು. ಮೊದಲ ಸಂಶಯ ಪರಿಹಾರವಾಯಿತು: ನಿಲ್ಲಲು ಕಾರಣ ಬಿಸಿಯೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಯಂತ್ರವು ಆರಿಹೋದದ್ದು ಕೆಟ್ಟುಹೋದುದರಿಂದಲ್ಲ, ಕೆಡದೆ ಉಳಿಯುವುದಕ್ಕಾಗಿ. ಉಷ್ಣತೆಯು ಮಿತಿಗೆ ಸಮೀಪಿಸಿದಾಗ ಸಂಸ್ಕಾರಕವು ಮೊದಲು ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಅದರಿಂದಲೂ ಸಾಲದಿದ್ದರೆ ವಿದ್ಯುತ್ತನ್ನು ಕಡಿದುಕೊಳ್ಳುತ್ತದೆ. ಇಂಥ ಸ್ವಯಂರಕ್ಷಣೆಯ ಏರ್ಪಾಡು 2000ದಲ್ಲಿ ಬಂದ ಪೆಂಟಿಯಮ್ 4ರಲ್ಲಿ ಇತ್ತು. ಈಗ ಅದು ಎಲ್ಲೆಡೆಯೂ ಸಾಮಾನ್ಯವಾಗಿದೆ. ಜ್ವರ ಬಂದ ಮಗುವು ಹಾಸಿಗೆ ಹಿಡಿಯುವಂತೆ ಅದು ಮಲಗಿತ್ತು, ಅಷ್ಟೆ. ಕೆಟ್ಟದ್ದೆಂದು ಎಸೆದಿದ್ದರೆ ಒಳ್ಳೆಯ ಸಂಸ್ಕಾರಕವೊಂದನ್ನು ಎಸೆದಂತಾಗುತ್ತಿತ್ತು.

ಮುಂದೆ ಅವನು ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡುತ್ತ ಹೋದನು. ಎರಡನ್ನು ಒಟ್ಟಿಗೆ ಮಾಡಿದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮೊದಲು ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು, ಹೊರಗಿನ ಗಾಳಿಯು ಧಾರಾಳವಾಗಿ ಬರುವಂತೆ ಮಾಡಿದನು. ಆದರೂ ಯಂತ್ರವು ಹಿಂದಿನಂತೆಯೇ ನಿಂತಿತು. ಎಂದ ಮೇಲೆ ಗಾಳಿಯ ಕೊರತೆಯು ಮುಖ್ಯ ಕಾರಣವಲ್ಲ. ಯಂತ್ರವು ಆರಿದೊಡನೆ ಗೋಡೆಯ ಸ್ವಿಚ್ಚನ್ನು ತೆಗೆದು, ಪ್ಲಗ್ಗನ್ನು ಕಿತ್ತು, ಫ್ಯಾನು ನಿಂತ ಬಳಿಕ ಹೀಟ್‌ಸಿಂಕಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದನು. ಅದು ಉಗುರುಬೆಚ್ಚಗೆ ಮಾತ್ರ ಇತ್ತು!

ಬಿಲ್ಲೆಯಲ್ಲಿ 98 ಡಿಗ್ರಿ. ಅದಕ್ಕೆ ಅಂಟಿಕೊಂಡಿರಬೇಕಾದ ಲೋಹದಲ್ಲಿ ಬಿಸಿಯೇ ಇಲ್ಲ. ಚಿರೆಕಲ್ಲಿನ ರಾಶಿ ಎಲ್ಲಿ ಬಿದ್ದಿದೆಯೆಂಬುದು ಈಗ ಸ್ಪಷ್ಟವಾಯಿತು. ಶಾಖವು ಸಂಸ್ಕಾರಕದಿಂದ ಹೀಟ್‌ಸಿಂಕಿಗೆ ದಾಟುತ್ತಲೇ ಇಲ್ಲ. ಇಂಥಲ್ಲಿ ದೊಡ್ಡ ಫ್ಯಾನನ್ನು ತಂದಿದ್ದರೆ ಅದು ಬರಿಗೈಯಲ್ಲಿ ನಿಂತ ಕೊನೆಯ ಆಳಿಗೆ ಹೆಚ್ಚು ಕೂಲಿ ಕೊಟ್ಟಂತಾಗುತ್ತಿತ್ತು.

ಹೀಟ್‌ಸಿಂಕನ್ನು ಮದರ್‌ಬೋರ್ಡಿಗೆ ಬಿಗಿಯುವ ನಾಲ್ಕು ಕಾಲುಗಳಲ್ಲಿ ಒಂದು ತನ್ನ ರಂಧ್ರದಲ್ಲಿ ಪೂರ್ತಿಯಾಗಿ ಇಳಿದಿರಲಿಲ್ಲ. ಅದರಿಂದ ಲೋಹದ ಗಟ್ಟಿಯು ಕೂದಲೆಳೆಯಷ್ಟು ವಾಲಿಕೊಂಡಿತ್ತು. ತೆಗೆದು ನೋಡಿದಾಗ ಲೇಪವು ಅರ್ಧ ಭಾಗಕ್ಕೆ ಮಾತ್ರ ತಗಲಿತ್ತು; ಉಳಿದರ್ಧದಲ್ಲಿ ಗಾಳಿ ಸೇರಿಕೊಂಡಿತ್ತು. ಕೂದಲೆಳೆಯಷ್ಟು ಗಾಳಿಯಿಂದ ಇಷ್ಟೊಂದು ತೊಂದರೆಯೆ ಎಂದು ಆಶ್ಚರ್ಯವಾಗಬಹುದು. ತಾಮ್ರವು ಶಾಖವನ್ನು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ವಹಿಸುತ್ತದೆ. ಚಳಿಗಾಲದಲ್ಲಿ ಕಂಬಳಿಯು ನಮ್ಮನ್ನು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದಲ್ಲವೆ? ಹುಡುಗನು ತಿಳಿಯದೆ ತನ್ನ ಸಂಸ್ಕಾರಕಕ್ಕೆ ಕಂಬಳಿ ಹೊದಿಸಿದ್ದನು.

ಎರಡು ಲೋಹಗಳು ಎಷ್ಟೇ ನುಣುಪಾಗಿದ್ದರೂ ಅವುಗಳ ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳಿರುತ್ತವೆ. ಆ ತಗ್ಗುಗಳಲ್ಲಿರುವ ಗಾಳಿಯನ್ನು ಹೊರಗೆ ನೂಕಿ ತಾನು ತುಂಬಿಕೊಳ್ಳುವುದೇ ಲೇಪದ ಕೆಲಸ. ಲೇಪವು ಗಾಳಿಗಿಂತ ಬಹಳ ಉತ್ತಮ ವಾಹಕ, ಆದರೆ ಲೋಹಕ್ಕಿಂತ ಬಹಳ ಕೆಳಮಟ್ಟದ್ದು. ಆದುದರಿಂದ ಅದು ತೆಳುವಾಗಿರಬೇಕು. ದಪ್ಪವಾಗಿ ಮೆತ್ತಿದರೆ ಲೇಪವೇ ತಡೆಯಾಗುತ್ತದೆ. ಹುಡುಗನು ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಮೈಯಲ್ಲಿದ್ದ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡನು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಹಳೆಯ ಲೇಪವನ್ನು ಎರಡು ಕಡೆಯಿಂದಲೂ ಒರೆಸಿದನು. ಸಣ್ಣ ಬಟಾಣಿ ಕಾಳಿನಷ್ಟು ಹೊಸ ಲೇಪವನ್ನು ನಡುವೆ ಇಟ್ಟು, ಹೀಟ್‌ಸಿಂಕನ್ನು ನೇರವಾಗಿ ಕೂರಿಸಿ, ಎದುರುಬದುರಿನ ಮೂಲೆಗಳ ಕಾಲುಗಳನ್ನು ಜೊತೆಜೊತೆಯಾಗಿ ಒತ್ತಿ ಬಿಗಿದನು. ಬೋರ್ಡಿನ ಹಿಂಬದಿಯಲ್ಲಿ ನಾಲ್ಕು ತುದಿಗಳೂ ಹೊರಬಂದಿವೆಯೆಂಬುದನ್ನು ಕಣ್ಣಾರೆ ನೋಡಿಕೊಂಡನು. ಯಂತ್ರವನ್ನು ಹಚ್ಚಿ ಅದೇ ಕೆಲಸವನ್ನು ಕೊಟ್ಟಾಗ ಅಂಕಿಯು ಮೆಲ್ಲಗೆ ಏರಿ 72ರಲ್ಲಿ ನಿಂತಿತು. ಅರ್ಧ ಗಂಟೆ ಕಳೆದರೂ ಕದಲಲಿಲ್ಲ. ಹೀಟ್‌ಸಿಂಕ್ ಈಗ ಚೆನ್ನಾಗಿ ಬಿಸಿಯಾಗಿತ್ತು. ಯಕ್ಷಗಾನದ ಸಂಕಲನವು ಆ ರಾತ್ರಿಯೇ ಮುಗಿಯಿತು.

ಹೀಟ್‌ಸಿಂಕಿನಿಂದ ಮುಂದಿನ ಹಾದಿ ಗಾಳಿಯದು. 65 ವ್ಯಾಟ್ ಶಾಖವನ್ನು ಹೊತ್ತು, ತಾನು ಹತ್ತು ಡಿಗ್ರಿಗಿಂತ ಹೆಚ್ಚು ಕಾಯದೆ ಇರಬೇಕಾದರೆ, ಪ್ರತಿ ಸೆಕೆಂಡಿಗೆ ಸುಮಾರು ಆರು ಲೀಟರ್ ಗಾಳಿಯು ಹರಿಯಬೇಕಾಗುತ್ತದೆ. ಲೋಹವನ್ನು ತೆಳ್ಳನೆಯ ಹಾಳೆಗಳನ್ನಾಗಿ ಮಾಡುವುದು ಇದಕ್ಕಾಗಿಯೇ. ಹಾಳೆಗಳು ಹೆಚ್ಚಿದಷ್ಟೂ ಗಾಳಿಗೆ ತಗಲುವ ಮೈ ಹೆಚ್ಚುತ್ತದೆ. ಇನ್ನೂ ಬಲವಾದ ಹೀಟ್‌ಸಿಂಕುಗಳಲ್ಲಿ ತಾಮ್ರದ ಮುಚ್ಚಿದ ಕೊಳವೆಗಳಿರುತ್ತವೆ. ಗಾಳಿಯನ್ನು ಹೊರತೆಗೆದು, ಒಳಗೆ ಸ್ವಲ್ಪವೇ ನೀರನ್ನು ಇಟ್ಟಿರುವುದರಿಂದ ಆ ನೀರು ಕಡಮೆ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಎರಡು ಸಾವಿರ ಜೂಲಿಗೂ ಹೆಚ್ಚು ಶಾಖ ಬೇಕು. ಆವಿಯು ಆ ಶಾಖವನ್ನು ಹೊತ್ತು ಕೊಳವೆಯ ತಣ್ಣನೆಯ ತುದಿಗೆ ಓಡಿ, ಅಲ್ಲಿ ಇಳಿಸಿ, ಮತ್ತೆ ನೀರಾಗಿ ಹಿಂದಿರುಗುತ್ತದೆ. ಸಾಣಿಕಟ್ಟೆಯ ಆಗರದಲ್ಲಿ ಬಿಸಿಲಿನ ಶಾಖವನ್ನು ಹೊತ್ತ ಆವಿಯು ಗಾಳಿಯಲ್ಲಿ ಹೊರಟುಹೋಗಿ ಉಪ್ಪು ಉಳಿಯುತ್ತದೆ. ಇಲ್ಲಿ ಹೋದ ಆವಿಯು ಮರಳಿ ಬಂದು ಮತ್ತೆ ಅದೇ ಹೊರೆಯನ್ನು ಹೊರುತ್ತದೆ.

ಕರಾವಳಿಯ ಸೆಕೆಯು ಗಣಕಕ್ಕೆ ಹಗೆಯೆಂದು ಹಲವರು ತಿಳಿಯುತ್ತಾರೆ. ಇದನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಫ್ಯಾನಿನ ಕೆಳಗೆ ಕುಳಿತಾಗ ನಮಗೆ ತಂಪಾಗುವುದು ಹೆಚ್ಚಾಗಿ ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ವಿಜಯಪುರದ ಒಣ ಬೇಸಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಾಗುವಷ್ಟು ಕುಮಟೆಯಲ್ಲಿ ಆಗದಿರುವುದಕ್ಕೂ ಇದೇ ಕಾರಣ. ಆದರೆ ಸಂಸ್ಕಾರಕವು ಬೆವರುವುದಿಲ್ಲ. ಅದಕ್ಕೆ ಬೇಕಾದುದು ತನಗಿಂತ ತಣ್ಣಗಿರುವ ಗಾಳಿ ಮಾತ್ರ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿಗಿಂತ 33 ಡಿಗ್ರಿಯ ಹಿರೇಗುತ್ತಿಯು ಅದಕ್ಕೆ ಹಿತವಾದ ಊರೇ ಸರಿ. ಹಾಗೆಯೇ ಫ್ಯಾನನ್ನು ಎಷ್ಟೇ ವೇಗವಾಗಿ ತಿರುಗಿಸಿದರೂ ಸಂಸ್ಕಾರಕವು ಕೋಣೆಯ ಗಾಳಿಗಿಂತ ತಣ್ಣಗಾಗದು ಎಂಬುದನ್ನೂ ನೆನಪಿನಲ್ಲಿಡಬೇಕು. ಕರಾವಳಿಯ ನಿಜವಾದ ತೊಂದರೆ ಬೇರೆ. ಅಲ್ಲಿನ ತೇವದ ಗಾಳಿಯಲ್ಲಿ ಧೂಳು ಹಾಳೆಗಳ ನಡುವೆ ಅಂಟಿಕೊಂಡು ಗಾಳಿಯ ಹಾದಿಯನ್ನು ಕಟ್ಟುತ್ತದೆ. ಉಪ್ಪಿನ ಅಂಶವು ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಕೆಲವು ತಿಂಗಳಿಗೊಮ್ಮೆ ವಿದ್ಯುತ್ತನ್ನು ತೆಗೆದು, ಫ್ಯಾನು ತಿರುಗದಂತೆ ಹಿಡಿದು, ಒಣ ಕುಂಚದಿಂದ ಧೂಳನ್ನು ತೆಗೆಯುವುದೇ ಇದಕ್ಕೆ ಮದ್ದು.

ಜೂನ್ ಬಂತು, ಮಳೆ ಹಿಡಿಯಿತು. ಯಂತ್ರಕ್ಕೆ ತಂಪು ತಗಲದಿರಲೆಂದು ಮನೆಯವರು ಅದನ್ನು ಮರದ ಕಪಾಟಿನೊಳಗೆ ಇರಿಸಿ ಬಾಗಿಲು ಹಾಕಿದರು. ಹೊರಗೆ ಸೆಕೆ ಇಳಿದಿತ್ತು. ಆದರೆ ಹುಡುಗನು ಅಂಕಿಯನ್ನು ನೋಡಿದಾಗ ಅದು 84ಕ್ಕೆ ಏರಿತ್ತು. ಮೊದಲಿನಂತೆ ಗಾಬರಿಯಾಗುವ ಬದಲು ಅವನು ಮೊದಲಿನಂತೆಯೇ ಪರೀಕ್ಷಿಸಿದನು. ಈ ಸಲ ಹೀಟ್‌ಸಿಂಕ್ ಮುಟ್ಟಲಾರದಷ್ಟು ಸುಡುತ್ತಿತ್ತು. ಎಂದರೆ ಶಾಖವು ಅಲ್ಲಿಯವರೆಗೆ ಚೆನ್ನಾಗಿ ಬಂದಿದೆ; ತಡೆಯಿರುವುದು ಅದರ ಮುಂದೆ. ಕಪಾಟಿನೊಳಗಿನ ಗಾಳಿಯನ್ನು ಅಳೆದಾಗ 45 ಡಿಗ್ರಿಯಿತ್ತು. 45ಕ್ಕೆ ಹಿಂದಿನ 39ನ್ನು ಕೂಡಿಸಿದರೆ 84! ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ತಾನು ಹೊರಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಮತ್ತೆ ಸೇದಿಕೊಳ್ಳುತ್ತಿತ್ತು. ಕಪಾಟಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ ಮೇಜಿನ ಮೇಲಿಟ್ಟದ್ದೇ ಸಾಕಾಯಿತು. ಅದಕ್ಕೆ ಒಂದು ಕಾಸಿನ ಖರ್ಚೂ ತಗಲಲಿಲ್ಲ.

ಹಳ್ಳಿಯ ಹುಡುಗನಿಗೆ ಎದುರಾದ ಈ ಶಾಖವು ದೊಡ್ಡ ದೊಡ್ಡ ಸಂಸ್ಥೆಗಳನ್ನೂ ಬಿಟ್ಟಿಲ್ಲ. ತೇಜಸ್ ಎಂಬ ಹೆಸರಿನಲ್ಲಿ ಇನ್ನೂ ವೇಗವಾದ ಸಂಸ್ಕಾರಕವನ್ನು ಸಿದ್ಧಪಡಿಸುತ್ತಿದ್ದ ಇಂಟೆಲ್ ಸಂಸ್ಥೆಯು ಆ ಯೋಜನೆಯನ್ನು 2004ರಲ್ಲಿ ಕೈಬಿಟ್ಟಿತು. ಏರುತ್ತಿದ್ದ ಶಾಖವು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಒಬ್ಬನೇ ಓಡುವುದರ ಬದಲು ಇಬ್ಬರು ನಡೆಯುವುದು ಲೇಸೆಂದು, 2005ರಿಂದ ಒಂದೇ ಬಿಲ್ಲೆಯಲ್ಲಿ ಎರಡು, ಮುಂದೆ ನಾಲ್ಕು, ಎಂಟು ತಿರುಳುಗಳನ್ನಿಡುವ ಪದ್ಧತಿಯು ಮನೆಯ ಗಣಕಗಳಿಗೂ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಎಂಬ ಮಹಾಗಣಕವು ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಸಾಮರ್ಥ್ಯದ್ದು. ಅದರ ಒಂದೊಂದು ಸಂಸ್ಕಾರಕದಲ್ಲಿ ಹುಟ್ಟುವ ಶಾಖವನ್ನೂ ಕ್ಷಣ ಬಿಡದೆ ಹೊರಗೆ ಸಾಗಿಸಲೇಬೇಕು. ಯಂತ್ರ ದೊಡ್ಡದಾದರೂ ಚಿಕ್ಕದಾದರೂ ನಿಯಮ ಒಂದೇ.

ತೊಂದರೆ ಎದುರಾದಾಗ ಹೊಸದನ್ನು ಕೊಳ್ಳುವುದು ಕೆಲವೊಮ್ಮೆ ಅನಿವಾರ್ಯವಾಗಬಹುದು. ಆದರೆ ತಡೆ ಎಲ್ಲಿದೆಯೆಂದು ಹುಡುಕಿ ತಿಳಿಯುವುದು ಅದಕ್ಕಿಂತ ಮೊದಲಿನ ಕೆಲಸ. ತಾನೇ ಕಟ್ಟಿದ ಯಂತ್ರದಲ್ಲಿ ಇದೊಂದು ಅನುಕೂಲವಿದೆ: ಅದನ್ನು ಬಿಚ್ಚಲು ಕಟ್ಟಿದವನು ಹೆದರುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನೆರೆಮನೆಯವರು ಒಂದು ಸಂಜೆ ಬಂದು ಜಗಲಿಯ ಮೇಲೆ ಕುಳಿತರು. “ತಮಾ, ನಮ್ಮ ಮನೆಯದೂ ಈಚೆಗೆ ನಡುನಡುವೆ ನಿಲ್ಲುತ್ತದೆ. ಕಂಪನಿಯದೇ. ಒಮ್ಮೆ ಬಂದು ನೋಡುತ್ತೀಯಾ?” ಎಂದು ಕೇಳಿದರು.

ತಂದೆಯವರು ಮಗನ ಮುಖವನ್ನು ನೋಡಿದರು. ಹುಡುಗನು ಕುಂಚವನ್ನೂ ಟಿಪ್ಪಣಿ ಪುಸ್ತಕವನ್ನೂ ಕೈಗೆ ತೆಗೆದುಕೊಂಡು ಎದ್ದು ನಿಂತನು.